ಅಳುವ ಸೇತುವೆ

೧೯೯೪ರ ಮಳೆಗಾಲ ಮುಗಿಯುವ ಹೊತ್ತಿಗೆ ಕಾಶಿರಾಯ ಕಲಬುರಗಿಯಿಂದ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಬಂದಿಳಿದ. ಊರಾಚೆಯ ಹಳ್ಳಕ್ಕೆ ವಿಕ್ಟೋರಿಯಾ ರಾಣಿಯ ಕಾಲದ ಐದು ಕಮಾನಿನ ಕಲ್ಲಿನ ಸೇತುವೆಯಿತ್ತು. ಕಮಾನುಗಳ ಮೇಲೆ ತುಂಬಿದ ಮಣ್ಣನ್ನು ತಡೆದು ನಿಂತ ಅದರ ಬದಿಯ ಗೋಡೆ ಗೇಣುದ್ದ ಹೊರಗೆ ಉಬ್ಬಿತ್ತು. ಕಾರಣ ಸಿಕ್ಕರೆ ರಿಪೇರಿ, ಸಿಗದಿದ್ದರೆ ಕೆಡವಿಬಿಡುವುದು ಎಂದು ಮೇಲಿನವರು ಹೇಳಿದ್ದರು. ವರದಿ ಬರೆಯಬೇಕಾದ ಇಂಜಿನಿಯರ್ ಇವನೇ.

ಆ ಸೇತುವೆಯೆಂದರೆ ಅವನಿಗೆ ಜೀವ. ನೌಕರಿಗೆ ಸೇರಿದ ಹೊಸದರಲ್ಲಿ, ಹದಿನೈದು ವರ್ಷದ ಹಿಂದೆ, ಅವನು ದುರಸ್ತಿ ಮಾಡಿಸಿದ ಮೊದಲ ಕಟ್ಟಡ ಅದು. ಈಗ ಮತ್ತೆ ಕೆಳಗಿಳಿದು ಬುನಾದಿ ಮುಟ್ಟಿ ನೋಡಿದ. ಕಮಾನಿನ ಸಂದುಗಳಿಗೆ ಚಾಕು ತೂರಿಸಲು ನೋಡಿದ, ಹೋಗಲಿಲ್ಲ. ಕಲ್ಲು ಕಲ್ಲನ್ನು ಅಷ್ಟು ಬಿಗಿಯಾಗಿ ಹಿಡಿದಿತ್ತು. ಹಾಗಾದರೆ ಗೋಡೆಗೇನು ಧಾಡಿ? ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡರೂ ಬಗೆಹರಿಯಲಿಲ್ಲ.

ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಮಾನಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು. ಕಲ್ಲು ಒಡೆದೇ ಬದುಕು ಸಾಗಿಸಿದ ಹೆಂಗಸು. ಏನು ಹುಡುಕುತ್ತೀರಿ ಎಂದು ಕೇಳಿದಳು. ಅವನು ಉಬ್ಬು ತೋರಿಸಿದ.

“ಮೊದಲ ಈ ಪೂಲು ಮಳಿ ನಿಂತ ಮ್ಯಾಲೂ ಎಂಟು ದಿನ ಅಳತಿತ್ರೀ,” ಎಂದು ಸೇತುವೆಯತ್ತ ಕೈ ತೋರಿಸಿದಳು. “ಗ್ವಾಡಿ ತೂತಿನಾಗಿಂದ ತಿಳಿನೀರು ಬರ್ತಿತ್ತು. ನಾವು ಕೊಡ ಹಿಡೀತಿದ್ವಿ. ಯಾರೋ ಪುಣ್ಯಾತ್ಮ ಸಿಮೆಂಟ್ ಮೆತ್ತಿಸಿ ಹೋದ. ಒಳಗಿನ ನೀರು ಎಲ್ಲಿಗೆ ಹೋಗಬೇಕ್ರಿ?”

ಸೋರುತ್ತಿದೆ ಎಂದುಕೊಂಡು ಹನ್ನೆರಡು ತೂತನ್ನೂ ಎದುರು ನಿಂತು ಮುಚ್ಚಿಸಿದ್ದು ಕಾಶಿರಾಯನೇ. ಅದಕ್ಕಾಗಿ ಶಹಬ್ಬಾಸ್ ಕೂಡ ಪಡೆದಿದ್ದ. ಕಾರಣ ಬರೆದರೆ ತನ್ನ ತಪ್ಪನ್ನೂ ಬರೆಯಬೇಕು. ಬರೆಯದಿದ್ದರೆ ಸೇತುವೆ ಉಳಿಯುವುದಿಲ್ಲ.

ಮಾನಮ್ಮ ಮನೆಯಿಂದ ಉಳಿ ಸುತ್ತಿಗೆ ತಂದು ಕೈಗಿಟ್ಟಳು. ಅವನು ಬಂಡೆಯ ಮೇಲೆ ನಿಂತು ಕೈಗೆಟುಕಿದ ತೂತನ್ನು ಬಡಿದ. ಸಿಮೆಂಟು ಕಿತ್ತು ಬಿತ್ತು. ಕೆಸರು ನೀರು ಚಿಮ್ಮಿ ಅವನ ಅಂಗಿಯೆಲ್ಲ ತೋಯಿಸಿತು. ಹೊತ್ತು ಹೋದಂತೆ ತಿಳಿಯಾಯಿತು. ಅವಳು ಕೊಡ ಹಿಡಿದಳು.

“ಆ ಪುಣ್ಯಾತ್ಮ ಯಾರಂತ ಗೊತ್ತಾತೇನ್ರಿ?” ಎಂದು ಕೇಳಿದಳು.

“ನಾನೇ,” ಎಂದ ಕಾಶಿರಾಯ. “ವರದಿಯಾಗೂ ಹಂಗೇ ಬರೀತೀನಿ.”

ಮಾನಮ್ಮ ಅವನ ಒದ್ದೆ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಉಳಿಯನ್ನು ವಾಪಸು ಕೇಳಲಿಲ್ಲ.

“ಹಂಗಾದ್ರ ಇನ್ನ ಹನ್ನೊಂದು ಅವ,” ಎಂದಳು.