ಮುಂದಾಳಿನ ಮೂರು ಪುಟ

ಸಯನ್ ಎಂದು ಬರೆದ ಹಳದಿ ಹಲಗೆ ಕಿಟಕಿಯ ಸರಳುಗಳಾಚೆ ಬಂದು ನಿಂತಿತು, ಇನ್ನು ಮೂರೇ ಸ್ಟೇಷನ್, ಮಾಟುಂಗಾ, ದಾದರ್, ಪರೇಲ್ — ಅಷ್ಟರೊಳಗೆ ಏನಾದರೂ ಆಗಲಿ, ಸಿಗ್ನಲ್ ಕೆಡಲಿ, ರಾಧಿಕಾ ಮೇಡಮ್ಮಿಗೆ ಜ್ವರ ಬರಲಿ, ಛೆ, ಜ್ವರ ಬೇಡ ಪಾಪ, ಯಾವುದಾದರೂ ಮೀಟಿಂಗಿಗೆ ಕರೆ ಬರಲಿ, ವಂದನಾ ತೊಡೆಯ ಮೇಲಿನ ಬ್ಯಾಗಿನ ಝಿಪ್ಪು ತೆಗೆದಳು, ಹಾಕಿದಳು, ಮತ್ತೆ ತೆಗೆದಳು, ಮೂರು ಪುಟಗಳೂ ಒಳಗೇ ಇದ್ದವು, ಎಲ್ಲಿಗೆ ಹೋಗುತ್ತವೆ, ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಥೋಡಾ ಸರಕೋ ಬೇಟಾ ಎಂದಳು, ವಂದನಾ ಸರಿದಳು. ನಿನ್ನೆ ಸಂಜೆ ಮೇಡಮ್ ಮೆಸೇಜು, ಇಡೀ ಬ್ಯಾಚಿನಲ್ಲಿ ನಿನ್ನ ಡೈರಿಯೇ ಚೆನ್ನಾಗಿದೆ ವಂದನಾ, ನಾಳೆ ಎಲ್ಲರೆದುರು ಓದು. ಎಂಬಿಎ ಎರಡನೆಯ ವರ್ಷದಲ್ಲಿ ನಾಯಕತ್ವ ಅಂತ ಒಂದು ಪೇಪರು, ಬೇರೆಯವರನ್ನು ನಡೆಸುವ ಮೊದಲು ನಿಮ್ಮನ್ನು ನೀವು ನಡೆಸಿಕೊಳ್ಳಿ ಎಂದು ಮೇಡಮ್ ಮೊದಲ ದಿನ ಹೇಳಿದಾಗ ಎಷ್ಟು ಸುಲಭ ಅನಿಸಿತ್ತು, ಅಲಾರಂ ಇಟ್ಟು ಬೇಗ ಏಳುವುದು, ಫೋನು ದೂರ ಇಡುವುದು, ಹಾಗೇನೋ, ಆಮೇಲೆ ಈ ಡೈರಿ, ನಾನು ಮುಂದಾಳಾದ ಒಂದು ಗಳಿಗೆ, ಮೂರು ಪುಟ ಮೀರಬಾರದು. ಸುಳ್ಳು ಇರುವುದು ಅರ್ಧ ಪುಟ, ಬರೀ ಅರ್ಧ, ಉಳಿದದ್ದೆಲ್ಲ ನಿಜ, ತಂಡಕ್ಕೆ ಅವಳೇ ಲೀಡರ್ ಎಂಬುದು ನಿಜ, ಪ್ರಾಜೆಕ್ಟಿಗೆ ಧಾರಾವಿಯ ಚರ್ಮದ ಬ್ಯಾಗಿನ ಕಾರ್ಖಾನೆಯವರನ್ನು ಒಪ್ಪಿಸಿದ್ದು ಅವಳೇ, ಕಬ್ಬಿಣದ ಏಣಿ ಮೊದಲು ಹತ್ತಿದ್ದೂ ಅವಳೇ, ಮೇಲೆ ಆ ಅಂಟಿನ ವಾಸನೆ, ತಗಡಿನ ಸೂರು, ಬಿಸಿ —

ಗಾಡಿ ಹೊರಟಿತು, ಆ ಸೂರುಗಳೆಲ್ಲ ಇಲ್ಲೇ ಎಲ್ಲೋ ಹಿಂದಕ್ಕೆ ಸರಿಯುತ್ತಿರಬೇಕು, ನೋಡಬಾರದು, ಅವಳು ಮೆಂತ್ಯದ ಸೊಪ್ಪು ನೋಡಿದಳು. ಊಟದ ಹೊತ್ತು, ಕೆಲಸದವರೆಲ್ಲ ಕೆಳಗೆ ಹೋಗಿದ್ದರು, ಫೋಟೊ ತೆಗೆಯುತ್ತೇನೆಂದು ತಂಡದ ಅನಿಕೇತನೂ ಇಳಿದಿದ್ದ, ಮೇಲೆ ಉಳಿದವರು ಅವಳು, ಶರಣ, ಚರ್ಮಕ್ಕೆ ಅಂಟು ಹಚ್ಚುವ ಶುಭಾಂಗಿ, ಹನ್ನೆರಡು ವರ್ಷದಿಂದ ಇದೇ ಕೆಲಸ ತಾಯಿ, ಈಗ ಮೂಗಿಗೆ ವಾಸನೆಯೇ ಬರೋದಿಲ್ಲ ಎಂದು ಮರಾಠಿಯಲ್ಲಿ ಹೇಳಿ ನಗುತ್ತ ಎದ್ದವಳು ಹಾಗೇ ವಾಲಿ ಬಿದ್ದಳು, ಕುಸಿದದ್ದೂ ಅಲ್ಲ, ಗೋಡೆಗೆ ಒರಗಿಸಿಟ್ಟ ಚರ್ಮದ ಸುರುಳಿ ಜಾರುತ್ತದಲ್ಲ ಹಾಗೆ, ಬೆರಳು — ಬೇಡ, ಅದು ಬೇಡ. ಶರಣ ಲೀಡರಿನ ಮುಖ ನೋಡಿದ, ಒಂದು ಸಲ, ಎರಡು ಸಲ, ಅವಳು ನಿಂತೇ ಇದ್ದಳು, ಅವನೇ ಏಣಿ ಇಳಿದು ಓಡಿದ, ಆಟೋ ಹಿಡಿದು ಗಲ್ಲಿಯ ಬಾಯಿಗೆ ತಂದು ನಿಲ್ಲಿಸಿದ, ಮತ್ತೆ ಹತ್ತಿ ಬಂದು ಅಷ್ಟು ದೊಡ್ಡ ಹೆಂಗಸನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಮೆಟ್ಟಿಲೇ ಇಳಿಸಿದ. ವಿಜಯಪುರದಿಂದ ಬಂದ ಹುಡುಗ, ಕ್ಲಾಸಿನಲ್ಲಿ ಇಂಗ್ಲಿಷ್ ತಡವರಿಸುತ್ತಾನೆ, ಪ್ರೆಸೆಂಟೇಶನ್ನಿನಲ್ಲಿ ಅವನಿಗೆ ಸ್ಲೈಡು ಬದಲಿಸುವ ಕೆಲಸ ಮಾತ್ರ ಕೊಟ್ಟವಳೂ ಅವಳೇ. ಶುಭಾಂಗಿ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದಳು, ಶರಣ ಹೋಗಿ ನೋಡಿಕೊಂಡು ಬಂದ, ವಂದನಾ ಹೋಗಲಿಲ್ಲ, ಡೈರಿ ಬರೆದಳು: ನಾನು ಶರಣನನ್ನು ಆಟೋ ತರಲು ಕಳಿಸಿದೆ, ನೀರು ಕುಡಿಸಿದೆ, ಧೈರ್ಯ ಹೇಳಿದೆ. ಬರೆಯುತ್ತಿದ್ದಂತೆ ಎಲ್ಲ ನಡೆದೇ ಇತ್ತೇನೋ ಅನಿಸಿತ್ತು, ಕೈ ಎಲ್ಲೂ ನಿಲ್ಲಲಿಲ್ಲ, ಅದೇ ಭಯ ಈಗ, ಕೈ ಎಲ್ಲೂ ನಿಂತಿರಲಿಲ್ಲ, ದಾದರಿನ ಜನ ನುಗ್ಗಿ ಬಂತು, ಪರೇಲ್, ಇಳಿ, ಇಳಿ.

ಕ್ಲಾಸಿನಲ್ಲಿ ಎಸಿಯ ತಂಪು, ಅರವತ್ತು ತಲೆ, ಮೂಲೆಯಲ್ಲಿ ಶರಣ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಾನೆ, ಮೊದಲ ಪುಟ ಓದುತ್ತಾಳೆ, ದನಿ ಚೆನ್ನಾಗಿಯೇ ಇದೆ, ದನಿಯ ಮಾತು ಬಿಡು, ದನಿ ಯಾವತ್ತೂ ಕೈಕೊಟ್ಟಿಲ್ಲ, ಎರಡನೆಯ ಪುಟದ ನಡುವೆ ನಾನು ಶರಣನನ್ನು ಎಂಬಲ್ಲಿಗೆ ಬಂದಾಗ ಪೆನ್ನಿನ ಮುಚ್ಚಳ ನಿಂತಿತು, ಅವನು ತಲೆಯೆತ್ತಿ ನೋಡಿದ, ಅಂದಿನ ಹಾಗೆಯೇ, ಈಗ ಏನು ಮಾಡೋಣ ಎಂದು ಕೇಳುವ ಹಾಗೆ. ಅವಳು ಕಾಗದ ಮಡಿಸಿದಳು. ಮೇಡಮ್, ಇದು ನಡೆದದ್ದಲ್ಲ, ನಾನು ಯಾರನ್ನೂ ಕಳಿಸಲಿಲ್ಲ, ಸುಮ್ಮನೆ ನಿಂತಿದ್ದೆ, ಎಲ್ಲ ಮಾಡಿದ್ದು ಶರಣ. ಹೇಳಿಯಾಯಿತು, ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು, ಇಳಿಯಿತೇ, ಮೇಡಮ್ ಕನ್ನಡಕ ಸರಿಮಾಡಿಕೊಂಡು ಫೈಲಿನಿಂದ ಇನ್ನೊಂದು ಹಾಳೆ ತೆಗೆದರು, ಶರಣನ ಡೈರಿಯಲ್ಲಿ ಬೇರೆ ಥರ ಇದೆ ಎಂದರು, ಓದಿದರು. ನಾನು ಓಡಿದೆ, ಓಡುವುದು ಸುಲಭ. ಬಿದ್ದ ಹೆಂಗಸು ವಂದನಾಳ ದುಪಟ್ಟಾ ಬಿಗಿಯಾಗಿ ಹಿಡಿದಿದ್ದಳು, ವಂದನಾ ಬಿಡಿಸಿಕೊಳ್ಳದೆ ಅಲ್ಲೇ ನಿಂತಳು. ಅವಳು ನಿಂತಿದ್ದರಿಂದ ನಾನು ಓಡಿದೆ. ಮೊದಲು ಒಬ್ಬರು, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ನೋಡಿ, ತನ್ನ ಶ್ರೇಯಸ್ಸನ್ನು ಬೇರೆಯವರಿಗೆ ಬಿಟ್ಟುಕೊಡುವುದು ಎಂದರೆ ಇದು ಎಂದರು ಮೇಡಮ್, ಮತ್ತೆ ಚಪ್ಪಾಳೆ, ಅವಳು ಅಲ್ಲ ಮೇಡಮ್, ಅಲ್ಲ ಎನ್ನಬೇಕಿತ್ತು, ಕೈ ಮುಗಿದಳು, ಹೋಗಿ ಕೂತಳು.

ಮಧ್ಯಾಹ್ನ ಮೆಟ್ಟಿಲ ತಿರುವಿನಲ್ಲಿ ಅವನು ಸಿಕ್ಕ, ಅವಳು ಕಾದಿದ್ದಳು ಎಂದರೂ ಸರಿ. ಶರಣ, ಹಾಗ್ಯಾಕೆ ಬರದಿ, ಬೋಲ್ ನಾ. ಅವನು ಕೈಯಲ್ಲಿದ್ದ ವಡಾಪಾವ್ ಅರ್ಧ ಮುರಿದು ಅವಳಿಗೆ ಕೊಟ್ಟ. ಕಂಡದ್ದ ಬರದೇನಿ ವಂದನಾ. ನಾ ಏಣಿ ಇಳಿಯೂಮುಂದ ತಿರುಗಿ ನೋಡಿದ್ನಿ, ಆಕಿ ನಿನ್ನ ದುಪಟ್ಟಾ ಹಿಡಕೊಂಡಿದ್ಲು, ನೀ ಬಗ್ಗಿ ಆಕಿ ಕೈ ಮ್ಯಾಲ ಕೈ ಇಟ್ಟಿದ್ದಿ. ಅಷ್ಟ ಸಾಕಲ್ಲ. ಅವಳು ಹೇಳಲು ಬಾಯಿ ತೆರೆದಳು, ಈಗ, ಇವನೊಬ್ಬನಿಗಾದರೂ, ಕ್ಲಾಸಿಗೆ ಬೇಡ, ಇವನಿಗೆ, ಸುನ್, ಶರಣ — ಮೇಲಿಂದ ಯಾರೋ ಅವನನ್ನು ಕೂಗಿದರು, ಬರ್ತೀನಿ ಎಂದು ಅವನು ಎರಡೆರಡು ಮೆಟ್ಟಿಲು ಹತ್ತಿ ಹೋದ, ಪಾವ್ ಅವಳ ಕೈಯಲ್ಲೇ ಉಳಿಯಿತು, ಬಗ್ಗಿದ್ದು ನಿಜ, ಕೈ ಮೇಲೆ ಕೈ ಇಟ್ಟದ್ದೂ ನಿಜ, ಅವನು ನೋಡಿದ್ದು ಅಲ್ಲಿಯವರೆಗೆ, ಆಮೇಲೆ ಅವನ ತಲೆ ಏಣಿಯ ಕೆಳಗೆ ಮರೆಯಾಯಿತು, ಆಮೇಲೆ — ಅಂಟು ಒಣಗಿ ಚಕ್ಕೆ ಎದ್ದ ಶುಭಾಂಗಿಯ ಬೆರಳುಗಳು, ಉಗುರಿನ ಸುತ್ತ ಕಪ್ಪು, ವಂದನಾ ದುಪಟ್ಟಾದಿಂದ ಕಿರುಬೆರಳು ಬಿಡಿಸುತ್ತಾಳೆ, ಅದರ ಪಕ್ಕದ್ದು ಬಿಡಿಸುತ್ತಾಳೆ, ನಡುಬೆರಳು ಗಟ್ಟಿ, ಎರಡೂ ಕೈಯಿಂದ ಬಿಡಿಸುತ್ತಾಳೆ, ತೋರುಬೆರಳು, ದುಪಟ್ಟಾ ಎಳೆದುಕೊಂಡು ಗೋಡೆಗೆ ಹೋಗಿ ಒರಗುತ್ತಾಳೆ, ನೆಲದ ಮೇಲೆ ಆ ಬೆರಳುಗಳು ಇನ್ನೂ ಏನನ್ನೋ ಹಿಡಿದಂತೆಯೇ ಮಡಚಿಕೊಂಡು, ತೆರೆದುಕೊಂಡು, ಮಡಚಿಕೊಂಡು —