ಎಡ ಅಂಗೈ

ಬೆಳಿಗ್ಗೆ ಪೂಜೆಗೆ ಕೂತಿದ್ದ ನನ್ನ ಮಗಳು ಸ್ವಾತಿಯ ಎಡ ಅಂಗೈಯಿಂದ ಇಷ್ಟಲಿಂಗ ಜಾರಿ ಮಡಿಲಿಗೆ ಬಿತ್ತು.

ನೆಲಕ್ಕೇನೂ ಬೀಳಲಿಲ್ಲ. ಆದರೂ ನನ್ನ ಕೈಯಲ್ಲಿದ್ದ ವಿಭೂತಿ ಗಟ್ಟಿ ಮುರಿಯಿತು. ನಮ್ಮತ್ತೆ ಗುರುಸಿದ್ದಮ್ಮನವರಿಗೂ ಶುರುವಾದದ್ದು ಹೀಗೆಯೇ. ಬೆಳಿಗ್ಗೆ ಲಿಂಗ ಜಾರಿತ್ತು. ಸಂಜೆಯೊಳಗೆ ಎಡಭಾಗ ಸ್ವಾಧೀನ ತಪ್ಪಿತ್ತು. ಈಗ ಅವರ ಎಡಗೈಯನ್ನು ನಾನೇ ಎತ್ತಿ ಪಕ್ಕಕ್ಕಿಡಬೇಕು.

“ಕಿರುಬೆರಳು ಜೋಮು ಹಿಡಿದಿದೆ ಅಷ್ಟೇ ಅಮ್ಮ,” ಎಂದಳು ಸ್ವಾತಿ.

“ಯಾವಾಗಿಂದ?”

“ಗೊತ್ತಿಲ್ಲ. ಹಾಗೆ ನೋಡ್ಬೇಡ, ಚೆನ್ನಾಗಿರೋ ಬೆರಳೂ ಹೆದರ್ಕೊಳ್ತವೆ.”

ಯಜಮಾನರು ನಗಲಿಲ್ಲ. ನಾಳೆ ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದರು. ಒಳಮನೆಯಿಂದ ಅತ್ತೆ ತೊದಲಿದರು: “ಏನ್ ಬಿತ್ತೇ ಅರುಣಾ?”

“ಹೂವು ಅತ್ತೆ.”

ದಿನವಿಡೀ ಆ ಬೆರಳನ್ನೇ ಕಾದೆ. ಲೋಟ ಹಿಡಿದಾಗ ಅದೊಂದೇ ದೂರ ನಿಲ್ಲುತ್ತಿತ್ತು. ಮಧ್ಯಾಹ್ನ ಅವಳು ಕಂಪ್ಯೂಟರಿನಲ್ಲಿ ಆಟಕ್ಕೆ ಕೂತಾಗ ಹಿಂದೆ ನಿಂತೆ. ಬಾಣಾವರದಲ್ಲಿರುವ ನನ್ನ ತಮ್ಮ ಹುಟ್ಟುಹಬ್ಬಕ್ಕೆಂದು ಕೊಟ್ಟ ಹೊಸ ಮೌಸ್ ಅದು, ಆಟಕ್ಕೆಂದೇ ಮಾಡಿದ್ದು. ಬೆನ್ನು ಒಂದು ಕಡೆ ಉಬ್ಬು, ಇನ್ನೊಂದು ಕಡೆ ಇಳಿಜಾರು. ಪಕ್ಕದಲ್ಲಿ ಹೆಬ್ಬೆರಳು ಕೂರಲು ಹಳ್ಳ, ಮೇಲೆ ಗುಂಡಿಗಳು. ಆ ಹಳ್ಳದಲ್ಲಿ ಅವಳ ಹೆಬ್ಬೆರಳಿರಲಿಲ್ಲ. ಕಿರುಬೆರಳು ಮಡಚಿ ಸಿಕ್ಕಿಕೊಂಡಿತ್ತು.

“ಇದು ಬಲಗೈಯವರದ್ದಲ್ವೇನೇ?”

“ಹೂಂ. ನೆಂಟರ ಮುಂದೆ ಎಡಗೈ ಆಡಿಸ್ಬೇಡ ಅಂತ ಅಜ್ಜಿ ಕಲಿಸಿದ್ರಲ್ಲ, ಮಾವಂಗೆ ನಾನು ಎಡಚಿ ಅಂತ ಹೇಗೆ ಗೊತ್ತಾಗ್ಬೇಕು? ವಾಪಸ್ ಕೊಟ್ರೆ ಬೇಜಾರ್ ಮಾಡ್ಕೊಳ್ತಾರೆ. ಅಭ್ಯಾಸ ಆಗತ್ತೆ ಬಿಡು.”

ಅವಳು ಎದ್ದುಹೋದ ಮೇಲೆ ನಾನು ಕೂತೆ. ಎಡಗೈಯಲ್ಲಿ ಮೌಸ್ ಹಿಡಿದು ಸುಮ್ಮನೆ ಅತ್ತಿತ್ತ ಆಡಿಸಿದೆ. ಮಣಿಕಟ್ಟು ಓರೆಯಾಯಿತು. ಉಬ್ಬಿನ ಅಂಚು ಕಿರುಬೆರಳಿನ ಬುಡವನ್ನು ಒತ್ತಿತು. ಬಿಡದೆ ಆಡಿಸಿದೆ. ಕೊನೆಗೆ ಇರುವೆ ಹರಿದಂತಾಗಿ ಬೆರಳು ಜೋಮು ಹಿಡಿಯಿತು. ಕಣ್ಣಲ್ಲಿ ನೀರು ಬಂತು. ಅವಳ ಜೋಮಿಗೆ ಮೌಸೇ ಕಾರಣ, ಬೇರೇನೂ ಅಲ್ಲ.

ಅದನ್ನು ಡಬ್ಬಿಗೆ ಹಾಕುವಾಗ ನೆನಪಾಯಿತು. ಅಂದು ಅತ್ತೆಯೂ ಒಂದು ಕಾರಣ ಹೇಳಿದ್ದರು. “ಕೈಗೆ ಎಣ್ಣೆ ಹತ್ತಿತ್ತು ಕಣೇ, ಅದಕ್ಕೇ ಜಾರ್ತು.” ನಾನು ನಂಬಿ ಒಲೆಯ ಮುಂದಕ್ಕೆ ಹೋಗಿದ್ದೆ.

ಮರುದಿನ ಹಾಸನಕ್ಕೆ ಹೊರಡುವ ಮುಂಚೆ ಸ್ವಾತಿ ಪೂಜೆಗೆ ಕೂತಳು. ಎಡ ಅಂಗೈ ಚಾಚಿ ಲಿಂಗ ಇಟ್ಟುಕೊಂಡಳು. ಕಿರುಬೆರಳು ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ. ಮುಟ್ಟದಂತೆ ಅವಳ ಕೈಯ ಕೆಳಗೆ ನನ್ನ ಬೊಗಸೆ ಹಿಡಿದೆ.

“ಅಮ್ಮ, ನಡುಗ್ತಿರೋದು ನಿನ್ನ ಕೈ. ತೆಗಿ.”

“ನೀನು ಪೂಜೆ ಮುಗಿಸು,” ಎಂದೆ. ಕೈ ತೆಗೆಯಲಿಲ್ಲ.