ಕೆಂಪು ತಂತಿಯ ಇನ್ನೊಂದು ತುದಿ

ಅಕ್ಕ ಫೋನ್ ಮಾಡಿದಾಗ ನಾನು ಅಂಗಡಿಯ ಷಟರ್ ಎತ್ತಿದ್ದೆ, ಇನ್ನೂ ಊದುಬತ್ತಿ ಹಚ್ಚಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಕಾರುಗಳಿಗೆ ಸ್ಪೀಕರು, ಆಂಪ್ಲಿಫೈಯರು ಕೂರಿಸುವ ಅಂಗಡಿ ನನ್ನದು. ಬೋಣಿಗೆಗೆ ಮೊದಲೇ ದೂರು ಕೇಳಬೇಕಾಗಿ ಬಂದರೆ ನನಗೆ ಮೈ ಉರಿಯುತ್ತದೆ. ಅದು ಒಡಹುಟ್ಟಿದವಳ ದೂರಾದರೂ ಅಷ್ಟೇ.

"ಮುನೇಶ, ನೀನು ಹಾಕಿದ ಬೇಸ್ ಡಬ್ಬ ಸತ್ತೋಯ್ತು ಕಣೋ. ಧಡ್ ಧಡ್ ಅಂತಿದ್ದದ್ದು ಒಂದೇ ಸಲ ನಿಂತೋಯ್ತು. ಎರಡೇ ದಿನದ ಗ್ಯಾರಂಟಿನಾ ಅಂತ ನಿಮ್ ಭಾವ ಕೇಳ್ತಾವ್ರೆ."

ಹಿಂದಿನಿಂದ ಸುನೀಲ್‌ಕುಮಾರ್ ಭಾವ ನಗುವುದು ಕೇಳಿಸಿತು. ಮಂಚೇನಹಳ್ಳಿ ಪಕ್ಕದ ಅವರ ಊರಿನಿಂದ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಟಿದ್ದರು. ಗೂಡು ಮಾರಿ ಹಾಗೇ ಚಿಂತಾಮಣಿಯ ನೆಂಟರ ಮನೆಗೆ ಹೋಗುವುದೆಂದು ಮನೆಮಂದಿಯೆಲ್ಲ ಕಾರಿನಲ್ಲಿದ್ದರು. ಡಿಕ್ಕಿಯಲ್ಲಿ ನಾನು ಕೂರಿಸಿದ ಡಬ್ಬ, ಅದರ ಮೇಲೆ ಗೂಡಿನ ಮೂಟೆಗಳು. ಹಿಂದಿನ ಸೀಟಿನ ಅರ್ಧವನ್ನು ಮಡಚಿ ಅಲ್ಲಿಗೂ ಮೂಟೆ ಇಟ್ಟಿದ್ದರು. ಉಳಿದರ್ಧದಲ್ಲಿ ಅಕ್ಕನ ಅತ್ತೆ ಚಿಕ್ಕವೆಂಕಟಮ್ಮನವರು ಮತ್ತು ಅಕ್ಕನ ನಾಲ್ಕು ವರ್ಷದ ಮಗಳು ಲಾವಣ್ಯ.

"ಡೋರ್ ಸ್ಪೀಕರಲ್ಲಿ ಹಾಡು ಬರ್ತಾ ಐತಾ?" ಎಂದು ಕೇಳಿದೆ.

"ಬರ್ತಾ ಐತೆ. ಬರೀ ಕೀಚ್ ಕೀಚ್."

"ಸೆಟ್ಟಿಂಗಲ್ಲಿ ಸಬ್‌ವೂಫರ್ ಅಂತ ಇರ್ತದೆ ನೋಡು. ಪುಟ್ಟಿ ಏನಾದ್ರೂ ಒತ್ತಿದ್ಲಾ?"

"ಇಲ್ಲ ಕಣೋ, ಆನ್ ಅಂತಾನೇ ಐತೆ."

"ಹಂಗಾದ್ರೆ ಡಬ್ಬದ ಪಕ್ಕ ಆಂಪು ಐತಲ್ಲ, ಅದರ ನೀಲಿ ಲೈಟು ಉರೀತಾ ಐತಾ ನೋಡೋಕೆ ಹೇಳು."

ಲಾವಣ್ಯ ಸೀಟಿನ ಮೇಲೆ ಮಂಡಿಯೂರಿ ಬಗ್ಗಿ ನೋಡಿರಬೇಕು. "ಮಾವ, ಲೈಟಿಲ್ಲ" ಎಂದು ಕೂಗಿದಳು.

"ಅಷ್ಟೇನಾ, ಫ್ಯೂಸ್ ಹೋಗಿರ್ತದೆ ಬಿಡು" ಎಂದೆ. ದಿನಕ್ಕೆ ನಾಲ್ಕು ಸಲ ಹೇಳುವ ಮಾತು, ತಾನಾಗಿಯೇ ಬಾಯಿಗೆ ಬಂದಿತ್ತು. ಹೇಳಿ ಮುಗಿಸುವಷ್ಟರಲ್ಲಿ ನೆನಪಾಯಿತು. ಆ ಕಾರಿನಲ್ಲಿ ಫ್ಯೂಸೇ ಇರಲಿಲ್ಲ.

ಬ್ಯಾಟರಿಯಿಂದ ಹೊರಟ ಕೆಂಪು ತಂತಿ ಕಾರ್ಪೆಟ್ಟಿನ ಅಡಿಯಲ್ಲಿ ಹಾದು ಡಿಕ್ಕಿಯ ಆಂಪಿಗೆ ಹೋಗುತ್ತದೆ. ನಡುವೆ ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಇರಲೇಬೇಕು. ಭಾನುವಾರ ಭಾವನ ಕಾರಿಗೆ ಕೂರಿಸುವಾಗ ಫ್ಯೂಸಿನ ಹೋಲ್ಡರ್ ಬಿರುಕು ಬಿಟ್ಟಿತು. ಇನ್ನೊಂದು ನನ್ನ ಹತ್ತಿರ ಇರಲಿಲ್ಲ. ಭಾವ ನಿಂತ ಕಾಲಲ್ಲೇ ಅವಸರ ಮಾಡುತ್ತಿದ್ದರು. ನಾನು ತಂತಿಯನ್ನು ನೇರವಾಗಿ ಜೋಡಿಸಿ ಟೇಪು ಸುತ್ತಿ ಕಳಿಸಿಬಿಟ್ಟೆ. ನಮ್ಮ ಕಡೆ ಬೋರ್‌ವೆಲ್ ಮೋಟರಿನ ಫ್ಯೂಸ್ ಹೋದರೆ ಒಂದೆಳೆ ತಾಮ್ರ ಸುತ್ತಿ ವರ್ಷಗಟ್ಟಲೆ ನಡೆಸುತ್ತೇವಲ್ಲ, ಆ ಧೈರ್ಯ. ಭಾವನಿಗೆ ಈ ವಿಷಯ ಹೇಳಿರಲಿಲ್ಲ.

ಫ್ಯೂಸ್ ಇಲ್ಲವೆಂದ ಮೇಲೆ ಅದು ಹೋಗುವುದೆಲ್ಲಿಂದ? ಲೈಟು ಆರಿದೆ ಎಂದರೆ ತಂತಿ ಆಂಪಿನಿಂದ ಕಳಚಿಕೊಂಡಿರಬೇಕು. ಅಲ್ಲಿನ ಸ್ಕ್ರೂ ಸರಿಯಾಗಿ ಬಿಗಿ ಮಾಡಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆ ಬರಿತುದಿ ಈಗ ಎಲ್ಲೋ ಮೂಟೆಗಳ ನಡುವೆ ಜೋತಾಡುತ್ತಿದೆ. ಒಂದು ಹಳ್ಳದಲ್ಲಿ ಕಾರು ಕುಲುಕಿ ಅದು ಕಬ್ಬಿಣಕ್ಕೆ ತಾಗಿ ಹಿಡಿದುಕೊಂಡರೆ, ಕಾರ್ಪೆಟ್ಟಿನ ಅಡಿಯ ತಂತಿಯೆಲ್ಲ ಒಲೆಯ ಕೆಂಡದಂತೆ ಕಾಯುತ್ತದೆ. ತಡೆಯುವುದಕ್ಕೆ ಏನೂ ಇಲ್ಲ.

"ಅಕ್ಕ, ಏನಾದ್ರೂ ಸುಟ್ಟ ವಾಸನೆ ಬರ್ತಾ ಐತಾ?"

"ಸ್ವಲ್ಪ ಐತೆ. ಯಾರೋ ಹೊರಗಡೆ ಕಸ ಸುಡ್ತಿರಬೇಕು."

"ಕಾರು ನಿಲ್ಸೋಕೆ ಹೇಳು."

ಭಾವನ ದನಿ ಬಂತು. "ಲೇ, ಹರಾಜಿಗೆ ಹೊತ್ತಾಯ್ತದೆ. ಗೂಡು ಇಳಿಸಿ ಆಮೇಲೆ ತೋರಿಸ್ತೀನಿ ಬಿಡು."

"ಏನಿಲ್ಲ ಭಾವ, ಸುಮ್ನೆ ಒಂದು ವೈರ್ ನೋಡ್ಬೇಕಿತ್ತು" ಎಂದೆ. ಆ 'ಏನಿಲ್ಲ' ಎನ್ನುವ ಮಾತಿಗೆ ನನ್ನ ನಾಲಗೆಯನ್ನು ಕಿತ್ತು ಬಿಸಾಡಬೇಕಿತ್ತು. ಭಾವ ನಕ್ಕರು. ಫೋನ್ ಕಟ್ಟಾಯಿತು.

ಮತ್ತೆ ಮಾಡಿದರೆ ನಾಟ್ ರೀಚಬಲ್. ಅಂಗಡಿಯನ್ನು ಹಾಗೇ ಬಿಟ್ಟು, ಹತ್ತನೇ ನಂಬರಿನ ಸ್ಪಾನರ್ ಒಂದನ್ನು ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಅವರು ಆಗಲೇ ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ದಾರಿ ಹಿಡಿದಿದ್ದರು. ಅವಸರಕ್ಕೆ ಗೇರು ಸರಿಯಾಗಿ ಬೀಳುತ್ತಿರಲಿಲ್ಲ. ಲಾವಣ್ಯ ಮಂಡಿಯೂರಿದ್ದ ಜಾಗದ ಕೆಳಗೇ ಆ ತಂತಿ ಹಾದುಹೋಗಿರುವುದು ನೆನಪಾಯಿತು. ಸೀಟಿನ ಸ್ಪಂಜಿಗೆ ಬೆಂಕಿ ಹತ್ತಿದರೆ ಹೊಗೆಯೇ ಸಾಕು. ಹಿಂದಿನ ಬಾಗಿಲಿಗೆ ಮಗು ತೆರೆಯದಂತೆ ಲಾಕ್ ಹಾಕಿರುತ್ತಾರೆ. ಚಿಕ್ಕವೆಂಕಟಮ್ಮನವರಿಗೆ ಮಂಡಿನೋವು.

ಒಂದು ತಿರುವಿನಲ್ಲಿ ಮುಂದುಗಡೆ ಹೊಗೆ ಎದ್ದಿತ್ತು. ಬೈಕಿನ ವೇಗ ಏರಿಸಿದೆ. ಹತ್ತಿರ ಹೋದರೆ ಯಾರೋ ಬದುವಿನ ಒಣಹುಲ್ಲಿಗೆ ಬೆಂಕಿ ಹಾಕಿದ್ದರು. ಅಲ್ಲೇ ಬೈಕ್ ನಿಲ್ಲಿಸಿ ಮತ್ತೆ ಫೋನ್ ಒತ್ತಿದೆ. ಈ ಸಲ ಅಕ್ಕ ಎತ್ತಿದಳು.

"ಅಕ್ಕ, ಸ್ಪೀಕರಿಗೆ ಹಾಕು. ಭಾವ, ನಾನು ಫ್ಯೂಸ್ ಹಾಕಿಲ್ಲ. ಸುಳ್ಳು ಹೇಳಿದೆ. ಬೆಂಕಿ ಹತ್ಕೊಳ್ತದೆ. ಈಗ್ಲೇ ನಿಲ್ಸಿ ಎಲ್ರೂ ಇಳೀರಿ, ದೂರ ಹೋಗ್ರಿ."

ಬ್ರೇಕಿನ ಸದ್ದು, ಬಾಗಿಲು ತೆಗೆದ ಸದ್ದು, ಮಗು ಅಳುವುದು ಕೇಳಿಸಿತು.

ನಾನು ಹೋಗುವಷ್ಟರಲ್ಲಿ ಕಾರು ರಸ್ತೆ ಪಕ್ಕ ನಿಂತಿತ್ತು. ಅಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ಹುಣಸೆಮರದ ಕೆಳಗಿದ್ದಳು. ಆದರೆ ಚಿಕ್ಕವೆಂಕಟಮ್ಮನವರು ಇಳಿದಿರಲಿಲ್ಲ. ಮೂಟೆಯ ಮೇಲೆ ಕೈಯಿಟ್ಟುಕೊಂಡು ಒಳಗೇ ಕೂತಿದ್ದರು. ಭಾವ ಬಾಗಿಲು ಹಿಡಿದು ಬೇಡಿಕೊಳ್ಳುತ್ತಿದ್ದರು. "ಏಂ ಕಾಲೇದಪ್ಪ, ಏನೂ ಆಗಿಲ್ಲ. ಗೂಡು ಬಿಟ್ಟು ಎಲ್ಲಿಗೆ ಬರ್ಲಿ" ಎನ್ನುತ್ತಿದ್ದರು ಆಕೆ.

ನಾನು ಯಾರ ಮುಖವನ್ನೂ ನೋಡದೆ ಬಾನೆಟ್ ಎತ್ತಿದೆ. ಸ್ಪಾನರ್ ಎರಡು ಸಲ ಕೈಜಾರಿತು. ಮೂರನೇ ಸಲಕ್ಕೆ ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಬಂತು. ಆಮೇಲೆ ಡಿಕ್ಕಿ ತೆಗೆದು, ಮೂಟೆಗಳನ್ನು ಒಂದೊಂದಾಗಿ ಇಳಿಸಿ ಒಳಗೆ ತಡಕಿದೆ.

ಕೆಂಪು ತಂತಿ ಆಂಪಿನಿಂದ ಕಳಚಿತ್ತು. ಅದರ ತುದಿಗೆ ಹಾಲಿನ ಪ್ಲಾಸ್ಟಿಕ್ ಕವರನ್ನು ನಾಲ್ಕು ಸುತ್ತು ಸುತ್ತಿ ಗೂಡಿನ ಮೂಟೆಯ ದಾರದಿಂದ ಬಿಗಿಯಾಗಿ ಕಟ್ಟಲಾಗಿತ್ತು. ಪಕ್ಕದ ಸೀಟಿನ ಕಬ್ಬಿಣದ ಕೊಂಡಿಯ ಮೇಲೆ ಎರಡು ಕಪ್ಪು ಸುಟ್ಟ ಕಲೆ. ಅದರ ಹತ್ತಿರದ ಮೂಟೆಯ ಬಟ್ಟೆಯಲ್ಲಿ ರಾಗಿಕಾಳಿನಷ್ಟು ಒಂದು ತೂತು.

"ನಾನೇ ಕಿತ್ತಿದ್ದು" ಎಂದರು ಚಿಕ್ಕವೆಂಕಟಮ್ಮನವರು. "ಹಂಗೆ ಧಡಧಡ ಅದುರಿದ್ರೆ ಒಳಗಿನ ಹುಳ ಒಡೆದು ಗೂಡೆಲ್ಲ ಕಲೆ ಆಗಲ್ವೇನಪ್ಪ? ಹೇಳಿದ್ರೆ ಇವನು ಕೇಳಲ್ಲ. ಎಳೆದೆ, ಬೆಣ್ಣೆಯಿಂದ ಕೂದಲು ತೆಗೆದಂಗೆ ಬಂತು. ಕಿಡಿ ಹಾರ್ತು, ಕೈ ಚುರ್ ಅಂತು. ಬೈತಾನಂತ ಸುಮ್ನಿದ್ದೆ."

ಆಕೆಯ ಹೆಬ್ಬೆರಳು ಬೊಬ್ಬೆ ಎದ್ದಿತ್ತು. ಅಕ್ಕ ಓಡಿಬಂದು ಆ ಕೈಯನ್ನು ಹಿಡಿದುಕೊಂಡು ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ.

"ಕವರ್ ಯಾಕೆ ಕಟ್ಟಿದ್ರಮ್ಮ?" ಎಂದೆ.

"ಇದೇನು ಮಾತು. ಕರೆಂಟಿನ ವೈರು ಕಿತ್ತ ಮೇಲೆ ಯಾರಾದ್ರೂ ಬಾಯಿ ಕಟ್ಟದೆ ಬಿಡ್ತಾರಾ? ಮೋಟರ್ ಹತ್ರ ನಾನು ಎಷ್ಟು ಸಲ ಕಟ್ಟಿಲ್ಲ. ಮಗು ಪಕ್ಕದಲ್ಲೇ ಐತೆ. ನೀನಾಗಿದ್ರೆ ಹಂಗೇ ಬಿಡ್ತಿದ್ಯಾ?"

ಆಕೆ ಚುಚ್ಚಿ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಓದು ಬರಹವಿಲ್ಲದ ಮುದುಕಿ ಸುಟ್ಟ ಬೆರಳಲ್ಲೇ ಮಾಡಿದ ಕೆಲಸವನ್ನು ಹನ್ನೊಂದು ವರ್ಷದ ಅನುಭವದ ನಾನು ಮಾಡಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಭಾವ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಕೊಂಡಿಯ ಕಪ್ಪು ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿ, ಮೆಲ್ಲಗೆ ಕೇಳಿದರು.

"ಬೇರೆ ಯಾರ ಗಾಡಿಗಾದ್ರೂ ಹಿಂಗೆ ಡೈರೆಕ್ಟ್ ಕೊಟ್ಟಿದ್ಯಾ?"

"ಇಲ್ಲ ಭಾವ."

ಹೇಳಿದ ಮೇಲೆ ನನಗೇ ಅಸಹ್ಯವಾಯಿತು. ಕಲ್ಲೊಂದರ ಮೇಲೆ ಕೂತು ಫೋನ್ ತೆಗೆದೆ. "ಎರಡು ಗಾಡಿ ಐತೆ ಭಾವ" ಎಂದೆ.

ಮೊದಲನೆಯದು ಗೌರಿಬಿದನೂರಿನ ಮೇಷ್ಟ್ರದು, ಅವರು ಒಂದೇ ರಿಂಗಿಗೆ ಎತ್ತಿದರು. ಕಾರು ಮನೆ ಮುಂದೆಯೇ ನಿಂತಿತ್ತು. ಬ್ಯಾಟರಿ ಬಿಚ್ಚಿಸುವವರೆಗೂ ಕಾರು ಹೊರಗೆ ತೆಗೆಯಬೇಡಿ ಎಂದು ಹೇಳಿ, ಅವರ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡೆ.

ಎರಡನೆಯದು ಚಿಂತಾಮಣಿಯ ಬಯ್ಯಪ್ಪನ ವ್ಯಾನು. ಗಂಟೆ ಒಂಬತ್ತಾಗುತ್ತಿತ್ತು. ಬಯ್ಯಪ್ಪ ಆ ಹೊತ್ತಿನಲ್ಲಿ ಶಾಲೆಗೆ ಮಕ್ಕಳನ್ನು ತುಂಬಿಕೊಂಡು ಹೋಗುತ್ತಾನೆ. ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದೆ. ಭಾವ ನನ್ನ ಬೈಕಿನ ಕೀಲಿ ತೆಗೆದುಕೊಂಡು, ಬೈಕನ್ನು ಚಿಂತಾಮಣಿಯ ಕಡೆಗೆ ತಿರುಗಿಸಿ ಸ್ಟಾರ್ಟ್ ಮಾಡಿದರು. ನಾನು ಹಿಂದೆ ಹತ್ತಿ ಕೂತು ಇನ್ನೊಮ್ಮೆ ಒತ್ತಿದೆ.